ನಿಂತರೆ ಸಾಕು

ವಾಲ್ಪರೈಸೊ, ಬೆಳಿಗ್ಗೆ ಎಂಟೂವರೆ. ಕಿಟಕಿಯಾಚೆ ಬಂದರು
ಮಂಜಿನ ಮೇಲೆ ಕ್ರೇನುಗಳ ಕತ್ತಷ್ಟೇ ಎತ್ತಿಟ್ಟಿದೆ.
ಎವಾರಿಸ್ತೊ ಒಯಾರ್ಸುನ್, ಅರವತ್ತೊಂಬತ್ತು, ನಿವೃತ್ತ ಅಂಚೆಯವ,
ಒಂದು ಕಾಲುಚೀಲ ಬಿಚ್ಚಿ ಇನ್ನೊಂದಕ್ಕೆ ನಾಚುತ್ತಾನೆ.

ಮೂವತ್ತನಾಲ್ಕು ವರ್ಷ ಈ ಗುಡ್ಡಗಳ ಮೆಟ್ಟಿಲು ತುಳಿದವನು.
ಯಾವ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ,
ಯಾವ ವಿಧವೆ ಬಾರದ ಕಾಗದಕ್ಕೂ ಬಾಗಿಲು ತೆರೆದಿಡುತ್ತಾಳೆ
ಎಲ್ಲ ಬಲ್ಲ ಕಾಲು.
ಬೇಕಾದಾಗ ಕಾಲಿಗೆ ಬುದ್ಧಿ ಹೇಳಿದವನೇ;
ಈಗ ಹೇಳಿದರೆ ಕೇಳುವುದಿಲ್ಲ.
ಎಪ್ಪತ್ತೆರಡನೇ ಮೆಟ್ಟಿಲಿಗೆ ಎಡ ಮೀನಖಂಡ ಹಿಡಿದುಕೊಳ್ಳುತ್ತದೆ.
"ಎಪ್ಪತ್ತಲ್ಲ. ಎಂಬತ್ತಲ್ಲ. ಎಪ್ಪತ್ತೆರಡು."

ನೋವಿಗೆ ಆಗಲೇ ನಾಮಕರಣ ಆಗಿತ್ತು.
ಗಾಳಿ ಹೊಕ್ಕಿದೆ ಎಂದಳು ಹೆಂಡತಿ ಎರ್ಮೀನಿಯಾ. ಬೆನ್ನುಹುರಿ ಎಂದ ಅಳಿಯ.
ವಯಸ್ಸು ಎಂದಿತು ಔಷಧದಂಗಡಿ, ಎಂದು ಮುಲಾಮು ಮಾರಿತು.

"ನೋವು ಬಂದಾಗ ಏನು ಮಾಡ್ತೀರಿ?"
"ನಿಲ್ತೀನಿ."
"ಕೂರಬೇಕಾ? ಮುಂದಕ್ಕೆ ಬಗ್ಗಬೇಕಾ?"
"ಇಲ್ಲಮ್ಮ. ನಿಂತರೆ ಸಾಕು.
ಎಲಿಸೆಯೊನ ರೇಡಿಯೊ ಅಂಗಡಿ ಮುಂದೆ, ಗಾಜಿನೊಳಗೆ ನೋಡ್ತಾ
ಎರಡು ನಿಮಿಷ. ಮೂರು ಸಲ ಅವನು ಹೊರಗೆ ಬಂದು ಕೇಳಿದ,
ಯಾವುದು ತೆಗೆದುಕೊಡಲಿ ಅಂತ.
ಕೊನೆಗೆ ಮರ್ಯಾದೆಗೆ ಒಂದು ಕೊಂಡೆ. ಮನೇಲಿ ಆಗಲೇ ಎರಡಿದ್ದವು."

ಅಲ್ಲಿ ನಾನು ಬರೆಯುವುದು ನಿಲ್ಲಿಸಿದೆ.
ಬೆನ್ನಿನ ನೋವಾದರೆ ಕುರ್ಚಿ ಕೇಳುತ್ತಿತ್ತು,
ಕೀಲಿನದಾದರೆ ಮೊದಲ ಹೆಜ್ಜೆಗೇ ಗೊಣಗುತ್ತಿತ್ತು.
ಇಷ್ಟು ಲೆಕ್ಕವಿಟ್ಟು ಬಂದು, ನಿಂತ ಮಾತ್ರಕ್ಕೆ ತೀರುವುದು
ಬಹುಪಾಲು ರಕ್ತದ ಬಾಕಿ.

ಮೊಣಕಾಲ ಕೆಳಗೆ ಕೂದಲಿಲ್ಲ. "ಪ್ಯಾಂಟು ಉಜ್ಜಿ ಹೋಗಿರಬೇಕು."
ಬಲಗಾಲಿಗೂ ಅದೇ ಪ್ಯಾಂಟಲ್ಲವೇ, ನಾನು ಕೇಳಲಿಲ್ಲ.
ಪಾದದ ಬೆನ್ನಿಗೆ ಬೆರಳಿಟ್ಟೆ: ಯಾರೂ ಇಲ್ಲ.
ಒಳಹರಡಿನ ಹಿಂದೆ: ಯಾರೋ ಇದ್ದ ಹಾಗೆ,
ಅಥವಾ ಅದು ನನ್ನದೇ ಬೆರಳ ನಾಡಿ.

ತಣ್ಣನೆ ಜೆಲ್ಲು ಹಚ್ಚಿ, ಪೆನ್ಸಿಲಿನಷ್ಟು ಯಂತ್ರ ಊರಿ
ಹುಡುಕಿದೆ, ಒಂದು ಕೂದಲೆಳೆ ಆಚೆ, ಈಚೆ.
ನೆಟ್ಟಗಿರುವ ನಾಡಿ ಮೂರಕ್ಷರ ಆಡುತ್ತದೆ.
ಇದು ಒಂದೇ. ಹೂ... ಹೂ... ಎಂದು
ತೂತುಬಿದ್ದ ತಿದಿ.
ಮೀನಖಂಡ, ಹೆಸರಿಗೆ ತಕ್ಕಂತೆ,
ದಡದಲ್ಲಿ ಬಾಯಿ ತೆರೆದು ಮುಚ್ಚಿ ಬದುಕುತ್ತಿದೆ.

ತೋಳಿಗೆ ಪಟ್ಟಿ: ನೂರನಲವತ್ತೆಂಟು.
ಬಲ ಹರಡು: ನೂರಮೂವತ್ತೊಂಬತ್ತು.
ಎಡ: ಎಂಬತ್ತೆರಡು. ಮತ್ತೊಮ್ಮೆ ಊದಿದೆ. ಎಂಬತ್ತೆರಡು.
"ಅಂದರೆ?"
"ಮೇಲಿನಿಂದ ಹೊರಟದ್ದು ಪೂರ್ತಿ ತಲುಪುತ್ತಿಲ್ಲ."

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಗೋಡೆಗೆ ಹೇಳುವಂತೆ:
"ಎಂಬತ್ತೇಳರ ಚಳಿಗಾಲ, ಒಂದು ಚೀಲ ಕಾಗದ
ನಾನೂ ಹಂಚದೆ ಇಟ್ಟುಕೊಂಡಿದ್ದೆ, ಎರಡು ದಿನ.
ಜ್ವರ ಇತ್ತು. ಯಾರಿಗೂ ಹೇಳಿಲ್ಲ."
ಅಂಗಿಯ ಜೇಬಿನಲ್ಲಿ ಸಿಗರೇಟು ಪ್ಯಾಕಿನ ಚೌಕ.
ನಾನು ನೋಡಿದ್ದನ್ನು ನೋಡಿ, ಅಂಗೈ ಮುಚ್ಚಿದ.

ಡಾಕ್ಟರು ಬರೆದುಕೊಟ್ಟದ್ದು: ಎರಡು ಮಾತ್ರೆ, ರಕ್ತನಾಳದ ಸ್ಕ್ಯಾನು,
ಸಿಗರೇಟಿನ ಮೇಲೆ ಅಡ್ಡಗೀಟು, ಮತ್ತೆ ನಡಿಗೆ;
ನೋವು ಬರುವವರೆಗೆ ನಡೆದು, ನಿಂತು, ಹೋದ ಮೇಲೆ ಮತ್ತೆ ನಡೆದು.
"ಅದನ್ನೇ ಮಾಡ್ತಿದ್ದೆನಲ್ಲ, ಕದ್ದುಮುಚ್ಚಿ!"
"ಇನ್ನು ಮೇಲೆ ರೇಡಿಯೊ ಕೊಳ್ಳದೆ ಮಾಡಿ."

ಸದ್ದು ಸಿಕ್ಕ ಜಾಗಕ್ಕೆ ಪೆನ್ನಿನಲ್ಲಿ ಸಣ್ಣ ಅಡ್ಡಗುರುತು ಹಾಕಿದ್ದೆ.
ಜೆಲ್ಲು ಒರೆಸುವಾಗ ಕೈ ಹಿಡಿದ: ಅದಿರಲಿ,
ಎರ್ಮೀನಿಯಾಗೆ ತೋರಿಸಬೇಕು.
ಕಾಲುಚೀಲವನ್ನು ಆ ಗುರುತಿನ ಮೇಲೆ
ಒದ್ದೆ ಶಾಯಿಯ ಅಂಚೆಮುದ್ರೆಯೇನೋ ಎಂಬಂತೆ
ಮೆಲ್ಲಗೆ ಎಳೆದುಕೊಂಡ.